ಎನರ್ಜಿ ಆಡಿಟ್ ನಮ್ಮ ಘಟಕಕ್ಕೂ ಕಡ್ಡಾಯವೇ?

ಪ್ರಶ್ನೆ: ತುಮಕೂರು ಜಿಲ್ಲೆಯಲ್ಲಿ ನಮ್ಮದೊಂದು ಡೆಸಿಕೇಟೆಡ್ ಕೊಬ್ಬರಿ ಪುಡಿ ತಯಾರಿಸುವ ಘಟಕವಿದೆ. ಎಚ್‌ಟಿ (ಹೈ ಟೆನ್ಶನ್) ಸಂಪರ್ಕ; ಕಾಂಟ್ರಾಕ್ಟ್ ಡಿಮ್ಯಾಂಡ್, ಎಂದರೆ ವಿದ್ಯುತ್ ಕಂಪನಿಯೊಂದಿಗೆ ಒಪ್ಪಿಕೊಂಡ ಗರಿಷ್ಠ ಬೇಡಿಕೆ, 200 ಕೆವಿಎ. ತಿಂಗಳಿಗೆ ಸುಮಾರು 40,000 ಯೂನಿಟ್ ವಿದ್ಯುತ್ ಬಳಸುತ್ತೇವೆ. ಬಾಯ್ಲರಿಗೆ ನಮ್ಮದೇ ತೆಂಗಿನ ಚಿಪ್ಪು ತಿಂಗಳಿಗೆ 30 ಟನ್ ಹೋಗುತ್ತದೆ, ಜನರೇಟರಿಗೆ 500 ಲೀಟರ್ ಡೀಸೆಲ್. ಇತ್ತೀಚೆಗೆ ಸಲಹಾ ಸಂಸ್ಥೆಯೊಂದು ಪತ್ರ ಕಳುಹಿಸಿ, ಇಂಧನ ಸಂರಕ್ಷಣಾ ಕಾಯ್ದೆಯ ಪ್ರಕಾರ ಮೂರು ತಿಂಗಳೊಳಗೆ ಎನರ್ಜಿ ಆಡಿಟ್ ಮಾಡಿಸದಿದ್ದರೆ 10 ಲಕ್ಷ ರೂಪಾಯಿ ದಂಡ ಬೀಳುತ್ತದೆ ಎಂದು ತಿಳಿಸಿದೆ. ಇದು ನಿಜವೇ? ಆಡಿಟ್ ಮಾಡಿಸಿದರೆ ಪ್ರಯೋಜನವಿದೆಯೇ, ಯಾರಿಂದ ಮಾಡಿಸಬೇಕು? ಮುಂದಿನ ವರ್ಷ ಪಕ್ಕದ ನಿವೇಶನದಲ್ಲಿ ಕಚೇರಿ ಮತ್ತು ಮಳಿಗೆಯ ಕಟ್ಟಡ ಕಟ್ಟುವ ಯೋಚನೆಯಿದೆ. ಅದಕ್ಕೂ ಇಂಥ ನಿಯಮಗಳು ಅನ್ವಯಿಸುತ್ತವೆಯೇ?

ಉತ್ತರ: ನೀವು ಕೊಟ್ಟಿರುವ ಅಂಕಿಗಳ ಆಧಾರದ ಮೇಲೆ ಹೇಳುವುದಾದರೆ, ಕೇಂದ್ರದ ಇಂಧನ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ ನಿಮ್ಮ ಘಟಕದ ಮೇಲೆ ಕಡ್ಡಾಯ ಆಡಿಟ್‌ನ, ಎಂದರೆ ಇಂಧನ ಎಲ್ಲೆಲ್ಲಿ ಎಷ್ಟು ಖರ್ಚಾಗುತ್ತದೆಂದು ಅಳೆದು ನೋಡುವ ತಪಾಸಣೆಯ, ಹೊಣೆ ಇಲ್ಲ. ಆ ಪತ್ರದಲ್ಲಿರುವ 10 ಲಕ್ಷದ ಅಂಕಿ ಕಾಯ್ದೆಯಲ್ಲಿ ಇರುವುದು ನಿಜ, ಆದರೆ ಅದು ನಿಮ್ಮನ್ನು ಕುರಿತು ಹೇಳಿದ್ದಲ್ಲ. ಆಡಿಟ್ ಬೇಡ ಎಂಬುದು ನನ್ನ ಮಾತಲ್ಲ. ದಂಡದ ಹೆದರಿಕೆಯಿಂದ ಮಾಡಿಸಿದ ಆಡಿಟ್ ಸಾಮಾನ್ಯವಾಗಿ ಬೀರು ಸೇರುವ ಕಡತವಾಗಿ ಮುಗಿಯುತ್ತದೆ; ನಿಮ್ಮ ಚಿಪ್ಪಿನ ರಾಶಿಯನ್ನೂ ಬೆಸ್ಕಾಂ ಬಿಲ್ಲನ್ನೂ ಮುಂದಿಟ್ಟುಕೊಂಡು ನೀವೇ ಪ್ರಶ್ನೆಗಳನ್ನು ಸಿದ್ಧಪಡಿಸಿ ಮಾಡಿಸಿದ ಆಡಿಟ್‌ನಿಂದ ಮಾತ್ರ ಹಣ ಉಳಿಯುತ್ತದೆ. ಆದ್ದರಿಂದ ಮೊದಲು ಕಾನೂನಿನ ವಿಷಯವನ್ನು ಮುಗಿಸಿ, ಅನಂತರ ನಿಮ್ಮ ಕಾರ್ಖಾನೆಯೊಳಕ್ಕೆ ಬರುತ್ತೇನೆ.

ಇಂಧನ ಸಂರಕ್ಷಣಾ ಕಾಯ್ದೆ 2001ರಲ್ಲಿ ಅಂಗೀಕಾರವಾಯಿತು. ಅದರ ಅನುಷ್ಠಾನಕ್ಕಾಗಿ 2002ರ ಮಾರ್ಚ್ 1ರಂದು ಬ್ಯೂರೋ ಆಫ್ ಎನರ್ಜಿ ಎಫಿಶಿಯೆನ್ಸಿ, ಅಂದರೆ ಬಿಇಇ, ಅಸ್ತಿತ್ವಕ್ಕೆ ಬಂತು. ಕಾಯ್ದೆಗೆ 2010ರಲ್ಲಿ ಒಮ್ಮೆ, 2022ರಲ್ಲಿ ಇನ್ನೊಮ್ಮೆ ತಿದ್ದುಪಡಿಯಾಗಿದ್ದು, ಎರಡನೆಯ ತಿದ್ದುಪಡಿ 2023ರ ಜನವರಿ 1ರಿಂದ ಜಾರಿಯಲ್ಲಿದೆ. ಕರ್ನಾಟಕದಲ್ಲಿ ಈ ಕಾಯ್ದೆಯ ನಿಯೋಜಿತ ಸಂಸ್ಥೆ ಕ್ರೆಡಲ್, ಎಂದರೆ ಕರ್ನಾಟಕ ನವೀಕರಿಸಬಹುದಾದ ಇಂಧನ ಅಭಿವೃದ್ಧಿ ನಿಯಮಿತ. ಸೋಲಾರ್ ಮತ್ತು ಗಾಳಿ ವಿದ್ಯುತ್ತಿನ ಕೆಲಸಕ್ಕಷ್ಟೇ ಕ್ರೆಡಲ್ ಎಂದು ಬಹಳ ಮಂದಿ ತಿಳಿದಿದ್ದಾರೆ; ಇಂಧನ ಉಳಿತಾಯದ ಕಾನೂನಿನ ವಿಷಯದಲ್ಲೂ ರಾಜ್ಯದ ಮಟ್ಟದಲ್ಲಿ ನೀವು ಪತ್ರ ಬರೆಯಬೇಕಾದ ಕಚೇರಿ ಅದೇ.

ಕಡ್ಡಾಯ ಆಡಿಟ್ ಇರುವುದು ಕೇಂದ್ರ ಸರ್ಕಾರ ಅಧಿಸೂಚನೆಯ ಮೂಲಕ ‘ಡೆಸಿಗ್ನೇಟೆಡ್ ಕನ್ಸ್ಯೂಮರ್’ ಎಂದು ಗುರುತಿಸಿದವರಿಗೆ. ಇದಕ್ಕೆ ಎರಡು ಷರತ್ತುಗಳಿವೆ. ಒಂದು, ಘಟಕವು ಕಾಯ್ದೆಯ ಅನುಸೂಚಿಯಲ್ಲಿರುವ, ಅಧಿಕ ಇಂಧನ ಬಳಸುವ ವಲಯಗಳಲ್ಲೊಂದಕ್ಕೆ ಸೇರಿರಬೇಕು: ಅಲ್ಯೂಮಿನಿಯಂ, ರಸಗೊಬ್ಬರ, ಕಬ್ಬಿಣ ಮತ್ತು ಉಕ್ಕು, ಸಿಮೆಂಟ್, ಕಾಗದ, ಕ್ಲೋರ್-ಆಲ್ಕಲಿ, ಸಕ್ಕರೆ, ಜವಳಿ, ರಾಸಾಯನಿಕ, ರೈಲ್ವೆ, ವಿದ್ಯುತ್ ಸ್ಥಾವರ, ವಿದ್ಯುತ್ ವಿತರಣಾ ಕಂಪನಿ, ವಾಣಿಜ್ಯ ಕಟ್ಟಡ ಮುಂತಾದವು. ಎರಡು, ಆ ವಲಯಕ್ಕೆ ನಿಗದಿಪಡಿಸಿದ ವಾರ್ಷಿಕ ಬಳಕೆಯ ಮಿತಿಯನ್ನು ಅದು ದಾಟಿರಬೇಕು. ಈ ಮಿತಿಯನ್ನು ಹೇಳುವುದು ಯೂನಿಟ್‌ಗಳಲ್ಲಿ ಅಲ್ಲ, ‘ಟನ್ ತೈಲ ಸಮಾನ’ದಲ್ಲಿ. ವಿದ್ಯುತ್, ಕಲ್ಲಿದ್ದಲು, ಡೀಸೆಲ್ ಎಲ್ಲವನ್ನೂ ಒಂದೇ ಅಳತೆಗೆ ತರುವ ಲೆಕ್ಕ ಅದು: ಒಂದು ಟನ್ ತೈಲ ಸಮಾನವೆಂದರೆ ಒಂದು ಕೋಟಿ ಕಿಲೋ ಕ್ಯಾಲೊರಿ, ಒಂದು ಯೂನಿಟ್ ವಿದ್ಯುತ್ತೆಂದರೆ 860 ಕಿಲೋ ಕ್ಯಾಲೊರಿ. 2007ರ ಅಧಿಸೂಚನೆಯಲ್ಲಿ ಸಿಮೆಂಟ್ ಘಟಕಗಳ ಮಿತಿ 30,000 ಟನ್, ಜವಳಿಯದು 3,000 ಟನ್. ಜವಳಿಯ ಮಿತಿಯನ್ನು ವಿದ್ಯುತ್ತಿಗೆ ಪರಿವರ್ತಿಸಿದರೆ ವರ್ಷಕ್ಕೆ ಸುಮಾರು 3.5 ಕೋಟಿ ಯೂನಿಟ್ ಆಗುತ್ತದೆ. ಹಾಗಾಗಿ ತುರುವೇಕೆರೆ ತಾಲ್ಲೂಕಿನ ಅಮ್ಮಸಂದ್ರದಲ್ಲೋ ಗೌರಿಬಿದನೂರು ತಾಲ್ಲೂಕಿನ ತೊಂಡೇಬಾವಿಯಲ್ಲೋ ಇರುವಂಥ ಸಿಮೆಂಟ್ ಕಾರ್ಖಾನೆಗಳವರು, ದೊಡ್ಡ ಜವಳಿ ಗಿರಣಿಗಳವರು ಈ ಅಧಿಸೂಚನೆಗಳನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕಾಗುತ್ತದೆ. ಶಿಡ್ಲಘಟ್ಟದ ರೇಷ್ಮೆ ನೂಲು ಬಿಚ್ಚುವ ಘಟಕದವರಿಗೋ ನಿಮಗೋ ಆ ಚಿಂತೆ ಇಲ್ಲ.

ನಿಮ್ಮ ಲೆಕ್ಕವನ್ನೇ ಮಾಡಿ ನೋಡೋಣ. ವರ್ಷಕ್ಕೆ 4,80,000 ಯೂನಿಟ್ ವಿದ್ಯುತ್ತೆಂದರೆ ಸುಮಾರು 41 ಟನ್ ತೈಲ ಸಮಾನ. 360 ಟನ್ ಚಿಪ್ಪನ್ನು, ಕಿಲೋಗೆ 4,000 ಕಿಲೋ ಕ್ಯಾಲೊರಿ ಎಂದಿಟ್ಟುಕೊಂಡು ಲೆಕ್ಕಕ್ಕೆ ಸೇರಿಸಿದರೂ 144 ಟನ್. ಡೀಸೆಲ್ಲಿನದು ಐದು ಟನ್ ಚಿಲ್ಲರೆ. ಎಲ್ಲ ಸೇರಿ 190 ಟನ್ ಮುಟ್ಟುತ್ತದೆ. ಆಹಾರ ಸಂಸ್ಕರಣೆಯು ಆ ಅನುಸೂಚಿಯಲ್ಲಿಯೇ ಇಲ್ಲ ಎಂಬುದನ್ನು ಪಕ್ಕಕ್ಕಿಟ್ಟು ಬರೀ ಬಳಕೆಯನ್ನು ನೋಡಿದರೂ, ಜವಳಿಯ ಮಿತಿಯ ಸುಮಾರು ಹದಿನಾರನೆಯ ಒಂದು ಭಾಗಕ್ಕೆ ನೀವು ಬರುತ್ತೀರಿ.

ಅಧಿಸೂಚಿತ ಬಳಕೆದಾರರ ಹೊಣೆಗಳೇನು ಎಂಬುದನ್ನೂ ತಿಳಿದಿರುವುದು ಒಳ್ಳೆಯದು. ಪತ್ರ ಬರೆದವರು ಅವನ್ನೇ ನಿಮಗೆ ಅಂಟಿಸಿದ್ದಾರೆ. ಅಧಿಸೂಚಿತ ಬಳಕೆದಾರರು ಅರ್ಹ ಎನರ್ಜಿ ಮ್ಯಾನೇಜರ್ ಒಬ್ಬರನ್ನು ನೇಮಿಸಬೇಕು, ಪ್ರತಿ ವರ್ಷದ ಬಳಕೆಯ ವಿವರವನ್ನು ನಿಗದಿತ ನಮೂನೆಯಲ್ಲಿ ಸಲ್ಲಿಸಬೇಕು, ಮತ್ತು ಬಿಇಇಯ 2010ರ ನಿಯಮಾವಳಿಯಂತೆ ಅಧಿಸೂಚನೆ ಹೊರಟ 18 ತಿಂಗಳೊಳಗೆ ಮೊದಲ ಆಡಿಟ್ಟನ್ನೂ, ಹಿಂದಿನ ವರದಿ ಸಲ್ಲಿಸಿದ ದಿನದಿಂದ ಮೂರು ವರ್ಷಗಳ ಅಂತರದಲ್ಲಿ ಮುಂದಿನ ಆಡಿಟ್‌ಗಳನ್ನೂ ಮುಗಿಸಬೇಕು. ಇದಲ್ಲದೆ 2012ರಲ್ಲಿ ಆರಂಭವಾದ ‘ಪ್ಯಾಟ್’ ಯೋಜನೆಯಲ್ಲಿ ಒಂದು ಟನ್ ಉತ್ಪನ್ನಕ್ಕೆ ಇಷ್ಟೇ ಇಂಧನ ಎಂಬ ಗುರಿಯನ್ನು ಅವರಿಗೆ ಕೊಡಲಾಗುತ್ತದೆ. ಗುರಿಗಿಂತ ಹೆಚ್ಚು ಉಳಿಸಿದವರು ಪ್ರಮಾಣಪತ್ರ ಪಡೆದು ಮಾರಬಹುದು, ಉಳಿಸದವರು ಕೊಳ್ಳಬೇಕು. ಮೊದಲ ಸುತ್ತಿನಲ್ಲಿ ದೇಶದಾದ್ಯಂತ 478 ಘಟಕಗಳಿದ್ದವು. ಈಗ ಅವುಗಳಲ್ಲಿ ಕೆಲವು ವಲಯಗಳನ್ನು 2023ರಲ್ಲಿ ಅಧಿಸೂಚಿಸಿದ ಕಾರ್ಬನ್ ಕ್ರೆಡಿಟ್ ವ್ಯಾಪಾರ ಯೋಜನೆಯ ಕಡೆಗೆ ಸಾಗಿಸಲಾಗುತ್ತಿದೆ. ನಿಮಗೆ ಪ್ರತಿ ತಿಂಗಳು ಬಿಲ್ಲು ಕೊಡುವ ವಿತರಣಾ ಕಂಪನಿಗಳೂ ಈ ಪಟ್ಟಿಯಲ್ಲಿವೆ: 2021ರ ನಿಯಮಾವಳಿಯ ಪ್ರಕಾರ ಅವು ಮೂರು ತಿಂಗಳಿಗೊಮ್ಮೆ ವಿದ್ಯುತ್ತಿನ ಲೆಕ್ಕ ಒಪ್ಪಿಸಬೇಕು, ವರ್ಷಕ್ಕೊಮ್ಮೆ ಆಡಿಟ್ ಮಾಡಿಸಬೇಕು. ಕಂಬದಿಂದ ಮೀಟರಿನವರೆಗೆ ಎಷ್ಟು ಸೋರಿತು ಎಂಬ ಪ್ರಶ್ನೆಗೆ ಅವರೂ ಉತ್ತರ ಹೇಳಬೇಕಾಗಿದೆಯೆಂಬುದು ಗ್ರಾಹಕರಾದ ನಮಗೆ ತುಸು ಸಮಾಧಾನದ ವಿಷಯ.

ದಂಡದ ಮಾತಿಗೆ ಬಂದರೆ, ಕಾಯ್ದೆಯ 26ನೆಯ ಕಲಮಿನಲ್ಲಿ 10 ಲಕ್ಷ ರೂಪಾಯಿಯವರೆಗೆ ದಂಡ ವಿಧಿಸಲು ಅವಕಾಶವಿದೆ. ಅದನ್ನು ವಿಧಿಸಬಲ್ಲವರು ರಾಜ್ಯ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು ತನ್ನ ಸದಸ್ಯರಲ್ಲಿ ಒಬ್ಬರನ್ನು ನೇಮಿಸಿದ ನ್ಯಾಯನಿರ್ಣಯ ಅಧಿಕಾರಿ ಮಾತ್ರ, ಅದೂ ಆರೋಪಿತರ ಅಹವಾಲು ಕೇಳಿದ ಮೇಲೆ. ಖಾಸಗಿ ಸಲಹಾ ಸಂಸ್ಥೆಗೆ ಗಡುವು ವಿಧಿಸುವ ಅಧಿಕಾರ ಎಲ್ಲಿಂದಲೂ ಬರುವುದಿಲ್ಲ. ಆ ಪತ್ರದ ತಲೆಯಲ್ಲಿ ಬಿಇಇಯ ಲಾಂಛನವಿದ್ದರೂ ನೀವು ಕೇಳಬೇಕಾದದ್ದು ಒಂದೇ: ನಮ್ಮ ಘಟಕಕ್ಕೆ ಅನ್ವಯಿಸುವ ಅಧಿಸೂಚನೆಯ ಸಂಖ್ಯೆ ಮತ್ತು ದಿನಾಂಕ ಯಾವುದು? ಇದನ್ನು ಲಿಖಿತವಾಗಿ ಕೇಳಿದ ಮೇಲೆ ಹೆಚ್ಚಿನ ಇಂಥ ಪತ್ರವ್ಯವಹಾರಗಳು ಅಲ್ಲಿಗೇ ನಿಂತುಹೋಗುತ್ತವೆ.

ಇಲ್ಲಿ ಒಂದು ಎಚ್ಚರಿಕೆ ಸೇರಿಸಬೇಕು. ಕೇಂದ್ರದ ಪಟ್ಟಿಗೆ ಸೇರದ ಎಚ್‌ಟಿ ಗ್ರಾಹಕರ ಮೇಲೂ ರಾಜ್ಯ ಸರ್ಕಾರಗಳು ತಮ್ಮ ಮಟ್ಟದಲ್ಲಿ ಆಡಿಟ್‌ನ ಷರತ್ತು ಹಾಕುವುದುಂಟು. ಕೇರಳದಲ್ಲಿ ಎಚ್‌ಟಿ ಗ್ರಾಹಕರಿಗೆ ಅಂಥ ಆದೇಶವಿದೆ. ಬೇರೆ ರಾಜ್ಯದ ಆದೇಶವನ್ನು ತೋರಿಸಿ ನಮ್ಮವರನ್ನು ಹೆದರಿಸುವವರೂ ಇದ್ದಾರೆ, ನಮ್ಮ ರಾಜ್ಯದ್ದೇ ಆದೇಶ ಬಂದಾಗ ಗಮನಿಸದೆ ಕೂತವರೂ ಇದ್ದಾರೆ. ಆದ್ದರಿಂದ ನಿಮ್ಮ ಆರ್‌ಆರ್ ನಂಬರ್, ಟ್ಯಾರಿಫ್ ವರ್ಗ, ಕಾಂಟ್ರಾಕ್ಟ್ ಡಿಮ್ಯಾಂಡ್, ಹಿಂದಿನ ಹನ್ನೆರಡು ತಿಂಗಳ ಬಳಕೆಯನ್ನು ನಮೂದಿಸಿ, ಈ ಸ್ಥಾವರಕ್ಕೆ ಯಾವುದಾದರೂ ಆಡಿಟ್ ಹೊಣೆ ಇದೆಯೇ ಎಂದು ಕ್ರೆಡಲ್‌ಗೆ ಒಂದು ಪುಟದ ಪತ್ರ ಬರೆದು, ಸ್ವೀಕೃತಿಯನ್ನೂ ಉತ್ತರವನ್ನೂ ಕಡತದಲ್ಲಿಡಿ. ಮುಂದೆ ಲೋಡ್ ಹೆಚ್ಚಿಸಿಕೊಂಡಾಗ ಇದೇ ಪ್ರಶ್ನೆಯನ್ನು ಮತ್ತೊಮ್ಮೆ ಕೇಳಬೇಕಾಗುತ್ತದೆ.

ಇನ್ನೊಂದು ಗೊಂದಲವನ್ನೂ ಬಿಡಿಸಿಬಿಡುತ್ತೇನೆ. ವಿದ್ಯುತ್ ಪರಿವೀಕ್ಷಣಾಲಯದ ತಪಾಸಣೆ ಸುರಕ್ಷತೆಗೆ ಸಂಬಂಧಿಸಿದ್ದು: ಅರ್ಥಿಂಗ್, ಟ್ರಾನ್ಸ್‌ಫಾರ್ಮರ್, ಪ್ಯಾನೆಲ್, ಜನರೇಟರ್. ಬಾಯ್ಲರ್ ಇಲಾಖೆಯ ತಪಾಸಣೆ ಒತ್ತಡ ತಡೆಯುವ ಶಕ್ತಿಗೆ ಸಂಬಂಧಿಸಿದ್ದು. ಎನರ್ಜಿ ಆಡಿಟ್ ಇವೆರಡರ ಬದಲಿಗೆ ಬರುವುದಲ್ಲ, ಅವೆರಡೂ ಇದರ ಬದಲಿಗೆ ಬರುವುದಿಲ್ಲ. ಸುರಕ್ಷತಾ ತಪಾಸಣೆಗಳನ್ನು ತಪ್ಪಿಸುವಂತಿಲ್ಲ.

ಆಡಿಟ್ ಕಡ್ಡಾಯವಲ್ಲದಿದ್ದರೂ ನಿಮ್ಮ ಮೇಲೆ ನಿಜವಾಗಿ ಬೀಳುವ ನಿಯಮಗಳು ಕೆಲವಿವೆ, ಅವು ಯಾವ ಪತ್ರವನ್ನೂ ಕಳುಹಿಸದೆ ಬಿಲ್ಲಿನ ಸಾಲುಗಳಲ್ಲಿ ಕೂತಿರುತ್ತವೆ. ಎಚ್‌ಟಿ ಗ್ರಾಹಕರ ಪವರ್ ಫ್ಯಾಕ್ಟರ್, ಎಂದರೆ ಎಳೆದ ವಿದ್ಯುತ್ತಿನಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು, 0.90ಕ್ಕಿಂತ ಇಳಿದರೆ ಸರ್‌ಚಾರ್ಜ್ ಬೀಳುತ್ತದೆ. ತಿಂಗಳ ಗರಿಷ್ಠ ಬೇಡಿಕೆ ಒಂದೇ ಒಂದು ಸಲ ಕಾಂಟ್ರಾಕ್ಟ್ ಡಿಮ್ಯಾಂಡ್ ದಾಟಿದರೂ ಹೆಚ್ಚುವರಿ ಭಾಗಕ್ಕೆ ದುಬಾರಿ ದರ ಕಟ್ಟಬೇಕು. ಬೇಡಿಕೆ ತೀರ ಕಡಿಮೆಯಿದ್ದರೂ ಕಾಂಟ್ರಾಕ್ಟ್ ಡಿಮ್ಯಾಂಡಿನ ನಿಗದಿತ ಶೇಕಡಾವಾರಿಗೆ ಹಣ ಕಟ್ಟಲೇಬೇಕು. ಬೆಳಗ್ಗೆ ಡ್ರೈಯರಿನ ಬ್ಲೋವರ್, ಬಾಯ್ಲರಿನ ಫ್ಯಾನ್, ಬೋರ್‌ವೆಲ್ ಪಂಪು, ಕಂಪ್ರೆಸರ್ ಎಲ್ಲವನ್ನೂ ಒಂದೇ ಹದಿನೈದು ನಿಮಿಷದಲ್ಲಿ ಚಾಲೂ ಮಾಡುವ ರೂಢಿ ಹಲವು ಕಾರ್ಖಾನೆಗಳಲ್ಲಿದೆ. ಗರಿಷ್ಠ ಬೇಡಿಕೆಯ ಗೆರೆ ಮೇಲೇರುವುದು ಅಲ್ಲಿಯೇ. ಪಂಪನ್ನು ಅರ್ಧ ಗಂಟೆ ತಡಮಾಡಿದರೆ ಯೂನಿಟ್ ಉಳಿಯುವುದಿಲ್ಲ, ಹಣ ಉಳಿಯುತ್ತದೆ. ಹತ್ತು ಕಿಲೋವ್ಯಾಟ್ ಮೀರಿದ ಬೇಡಿಕೆಯ ವಾಣಿಜ್ಯ ಮತ್ತು ಕೈಗಾರಿಕಾ ಗ್ರಾಹಕರಿಗೆ 2024ರ ಏಪ್ರಿಲ್ 1ರಿಂದ ಸಮಯಾಧಾರಿತ ದರ ಇರಬೇಕೆಂದು ಕೇಂದ್ರದ ಗ್ರಾಹಕ ಹಕ್ಕುಗಳ ನಿಯಮಗಳು ಹೇಳಿವೆ. ಹಗಲಿನ ಸೌರ ವಿದ್ಯುತ್ತಿನ ಹೊತ್ತಿಗೂ ಸಂಜೆಯ ಒತ್ತಡದ ಹೊತ್ತಿಗೂ ದರದಲ್ಲಿ ಅಂತರವಿರಬೇಕೆಂಬುದು ಅದರ ತಿರುಳು. ಪಾವಗಡದ ತಿರುಮಣಿ ಸುತ್ತ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಇರುವ ಜಿಲ್ಲೆಯವರಿಗೆ, ಹಗಲಲ್ಲಿ ವಿದ್ಯುತ್ ಹೇರಳವಾಗಿ ಸಂಜೆ ಬಿಗಿಯಾಗುವುದೇಕೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ನಿಮ್ಮ ಬಿಲ್ಲಿನಲ್ಲಿ ಈ ಭಾಗ ಹೇಗಿದೆ ಎಂದು ನೋಡಿ, ಗ್ರೈಂಡಿಂಗ್‌ನ ಪಾಳಿಯನ್ನು ಅದಕ್ಕೆ ಹೊಂದಿಸಿಕೊಳ್ಳಬಹುದೇ ಎಂದು ಯೋಚಿಸಿ.

ಹಾಗೆಯೇ, ಬಿಸಿನೀರು ಬೇಕಾಗುವ ಉದ್ಯಮ, ಆಸ್ಪತ್ರೆ, ಹೋಟೆಲುಗಳಲ್ಲಿ ಸೋಲಾರ್ ವಾಟರ್ ಹೀಟರ್ ಕಡ್ಡಾಯವೆಂದು ರಾಜ್ಯ ಸರ್ಕಾರ 2007ರಲ್ಲೇ ಆದೇಶಿಸಿದೆ. ಹೊಸ ಮೋಟಾರ್ ಕೊಳ್ಳುವಾಗ ಐಎಸ್ 12615 ಗುರುತು ಮತ್ತು ಐಇ2 ಅಥವಾ ಅದಕ್ಕಿಂತ ಮೇಲಿನ ದರ್ಜೆಯನ್ನು ಫಲಕದಲ್ಲಿ ನೋಡಿಯೇ ಹಣ ಕೊಡಿ.

ಇನ್ನು ಆಡಿಟ್ ಮಾಡಿಸಬೇಕೇ ಎಂಬ ಪ್ರಶ್ನೆ. ನಿಮ್ಮ ಮಟ್ಟದ ಘಟಕಕ್ಕೆ ಒಂದು ಸಲ ಸರಿಯಾದ, ಅಳತೆಯ ಮೇಲೆ ನಿಂತ ಆಡಿಟ್ ಮಾಡಿಸುವುದು ಲಾಭದಾಯಕವೆಂದೇ ನನ್ನ ಅಭಿಪ್ರಾಯ, ಆದರೆ ಅದಕ್ಕೆ ಮೊದಲು ನಿಮ್ಮ ಮೇಲ್ವಿಚಾರಕರೇ ಮಾಡಬಹುದಾದ ಕೆಲವು ಅಳತೆಗಳಿವೆ. ಅವನ್ನು ಮಾಡಿಕೊಂಡರೆ ಆಡಿಟರ್‌ಗೆ ಕೊಡುವ ಹಣದ ಬೆಲೆ ಹೆಚ್ಚುತ್ತದೆ.

ನಿಮ್ಮ ಇಂಧನದ ಮುಕ್ಕಾಲು ಪಾಲು ವಿದ್ಯುತ್ತಲ್ಲ, ಚಿಪ್ಪು. ಮೇಲಿನ ಲೆಕ್ಕದಲ್ಲಿ ಅದು ಎದ್ದು ಕಾಣುತ್ತದೆ. ಆದರೂ ಚಿಪ್ಪು ‘ನಮ್ಮದೇ’ ಆದದ್ದರಿಂದ ಅದಕ್ಕೆ ಲೆಕ್ಕವಿಡುವ ಕಾರ್ಖಾನೆಗಳು ಕಡಿಮೆ. ಇದ್ದಿಲು ಮಾಡುವವರಿಗೆ ಮಾರಿದರೆ ಅದಕ್ಕೆ ರೇಟಿದೆ, ಹಾಗಾಗಿ ಒಲೆಗೆ ಹೋಗುವ ಪ್ರತಿ ಕಿಲೋವೂ ಮಾರಾಟವಾಗದೆ ಹೋದ ಕಿಲೋ. ಒಂದು ವಾರ ಬಾಯ್ಲರಿಗೆ ಹಾಕುವ ಚಿಪ್ಪನ್ನು ತೂಕ ಮಾಡಿಸಿ, ಅದೇ ವಾರ ಡ್ರೈಯರಿಗೆ ಹೋದ ಹಸಿ ತುರಿಯ ತೂಕವನ್ನೂ ಬರೆಸಿ. ಹಸಿ ತಿರುಳಿನಲ್ಲಿ ಹೆಚ್ಚುಕಡಿಮೆ ಅರ್ಧ ನೀರು, ಸಿದ್ಧವಾದ ಪುಡಿಯಲ್ಲಿ ಶೇಕಡಾ 3ರಷ್ಟು. ಅಂದರೆ 100 ಕಿಲೋ ಹಸಿ ತುರಿಯಿಂದ 48 ಕಿಲೋಗಿಂತ ತುಸು ಹೆಚ್ಚು ನೀರನ್ನು ಆವಿಯಾಗಿಸಬೇಕು, ಅದಕ್ಕೆ ಬೇಕಾಗುವ ಶಾಖ ಸುಮಾರು 29,600 ಕಿಲೋ ಕ್ಯಾಲೊರಿ. ಒಂದಿಷ್ಟೂ ನಷ್ಟವಿಲ್ಲದಿದ್ದರೆ ಏಳೂವರೆ ಕಿಲೋ ಚಿಪ್ಪಿನಲ್ಲಿ ಆಗುವ ಕೆಲಸ ಇದು. ಬಾಯ್ಲರಿನ ದಕ್ಷತೆ ಶೇಕಡಾ 65, ಡ್ರೈಯರಿನದು ಶೇಕಡಾ 50 ಎಂದು ಹಿಡಿದರೆ 23 ಕಿಲೋ ಬೇಕು. ಕ್ರಿಮಿನಾಶಕ್ಕೆ ಬಳಸುವ ಉಗಿ ಇದರ ಮೇಲೆ. ನಿಮ್ಮಲ್ಲಿ 100 ಕಿಲೋ ತುರಿಗೆ 35, 40 ಕಿಲೋ ಚಿಪ್ಪು ಹೋಗುತ್ತಿದ್ದರೆ ಎಲ್ಲೋ ದೊಡ್ಡ ಸೋರಿಕೆಯಿದೆ ಎಂದರ್ಥ, ಆಡಿಟರ್ ಬಂದಾಗ ಮೊದಲು ಅಲ್ಲಿಗೆ ಕರೆದೊಯ್ಯಿರಿ.

ಆ ಸೋರಿಕೆ ಎಲ್ಲಿರಬಹುದು? ಡ್ರೈಯರಿನ ಹೀಟರ್ ಕಾಯಿಲಿನಿಂದ ಹೊರಬರುವ ಕಂಡೆನ್ಸೇಟ್, ಎಂದರೆ ಉಗಿ ತಣಿದು ಆದ ಬಿಸಿನೀರು, ಚರಂಡಿಗೆ ಹೋಗುತ್ತಿದೆಯೋ ಬಾಯ್ಲರಿನ ತೊಟ್ಟಿಗೆ ಮರಳುತ್ತಿದೆಯೋ ನೋಡಿ. ಬಾಯ್ಲರಿಗೆ ಹೋಗುವ ನೀರಿನ ಉಷ್ಣತೆ ಪ್ರತಿ 6 ಡಿಗ್ರಿ ಏರಿದಾಗ ಸುಮಾರು ಶೇಕಡಾ 1ರಷ್ಟು ಇಂಧನ ಉಳಿಯುತ್ತದೆ ಎಂಬುದು ಈ ಕ್ಷೇತ್ರದಲ್ಲಿ ಎಲ್ಲರೂ ಒಪ್ಪಿದ ಲೆಕ್ಕ. ಬೋರ್‌ವೆಲ್ಲಿನ 30 ಡಿಗ್ರಿ ನೀರಿನ ಬದಲು 60 ಡಿಗ್ರಿಯ ನೀರು ಹೋದರೆ ಶೇಕಡಾ 5, ನಿಮ್ಮ ಲೆಕ್ಕದಲ್ಲಿ ತಿಂಗಳಿಗೆ ಒಂದೂವರೆ ಟನ್ ಚಿಪ್ಪು. ಮರಳಿ ಬರುವ ಕಂಡೆನ್ಸೇಟಿನಲ್ಲಿ ಲವಣವಿಲ್ಲದ್ದರಿಂದ ಇನ್ನೊಂದು ಲಾಭವೂ ಇದೆ: ಬಯಲುಸೀಮೆಯ ಗಡಸು ನೀರಿನಿಂದ ಕೊಳವೆಗಳ ಮೇಲೆ ಕಟ್ಟುವ ಲವಣದ ಪದರ ಕಡಿಮೆಯಾಗುತ್ತದೆ. ಪದರ ಕಟ್ಟಿದ ಬಾಯ್ಲರಿನಲ್ಲಿ ಶಾಖ ನೀರಿಗೆ ಹೋಗುವ ಬದಲು ಚಿಮಣಿಗೆ ಹೋಗುತ್ತದೆ. ಚಿಮಣಿಯ ಬುಡದಲ್ಲಿ ಥರ್ಮಾಮೀಟರ್ ಇಲ್ಲದಿದ್ದರೆ ಈ ವಾರವೇ ಹಾಕಿಸಿ. ಹೊಗೆಯ ಉಷ್ಣತೆ ಪ್ರತಿ 22 ಡಿಗ್ರಿ ಇಳಿದಾಗ ಶೇಕಡಾ 1ರಷ್ಟು ಇಂಧನ ಉಳಿಯುತ್ತದೆ. ಕೊಳವೆ ಸ್ವಚ್ಛಗೊಳಿಸಿದ ಮರುದಿನದ ಉಷ್ಣತೆಯನ್ನು ಗೋಡೆಯ ಮೇಲೆ ಬರೆಸಿಡಿ; ಅದಕ್ಕಿಂತ 40 ಡಿಗ್ರಿ ಮೇಲೇರಿತೆಂದರೆ ಮತ್ತೆ ಸ್ವಚ್ಛಗೊಳಿಸುವ ಹೊತ್ತಾಯಿತೆಂದು ಫೈರ್‌ಮ್ಯಾನ್‌ಗೇ ತಿಳಿಯುತ್ತದೆ. ಚಿಪ್ಪು ಹಾಕಿದ ಮೇಲೆ ಒಲೆಯ ಬಾಗಿಲನ್ನು ತೆರೆದೇ ಬಿಡುವ ಅಭ್ಯಾಸವಿದ್ದರೆ ಅದನ್ನು ನಿಲ್ಲಿಸಲು ಖರ್ಚೇನೂ ಇಲ್ಲ. ಒಳನುಗ್ಗುವ ತಣ್ಣನೆಯ ಗಾಳಿಯನ್ನು ಕಾಯಿಸಿ ಚಿಮಣಿಯಿಂದ ಹೊರಗೆ ಕಳುಹಿಸುವುದಕ್ಕೂ ಚಿಪ್ಪು ಸುಡುತ್ತದೆ.

ವಿದ್ಯುತ್ತಿನ ಕಡೆ ಸುಲಭದ ಪರೀಕ್ಷೆಯೆಂದರೆ ಕಂಪ್ರೆಸರಿನದು. ಪ್ಯಾಕಿಂಗ್ ಮತ್ತು ಸಾರ್ಟಿಂಗ್ ಯಂತ್ರಗಳೆಲ್ಲ ನಿಂತಿರುವ ಹೊತ್ತಿನಲ್ಲಿ, ಗಾಳಿಯನ್ನು ಯಾರೂ ಬಳಸದಿರುವಾಗ, ಕಂಪ್ರೆಸರನ್ನು ಮಾತ್ರ ಚಾಲೂ ಮಾಡಿ ವಾಚು ಹಿಡಿದು ನಿಲ್ಲಿ. ಅದು ಎಷ್ಟು ಹೊತ್ತು ಲೋಡ್ ಆಗುತ್ತದೆ (ಗಾಳಿ ಒತ್ತುತ್ತದೆ), ಎಷ್ಟು ಹೊತ್ತು ಅನ್‌ಲೋಡ್ ಆಗಿರುತ್ತದೆ (ಗಾಳಿ ಒತ್ತದೆ ಬರಿದೇ ತಿರುಗುತ್ತದೆ) ಎಂದು ಬರೆದುಕೊಳ್ಳಿ. ಎರಡು ನಿಮಿಷ ಲೋಡ್, ಆರು ನಿಮಿಷ ಅನ್‌ಲೋಡ್ ಎಂದಾದರೆ ಎಂಟು ನಿಮಿಷದಲ್ಲಿ ಎರಡು, ಅಂದರೆ ಸಾಮರ್ಥ್ಯದ ಕಾಲು ಭಾಗ ಬರೀ ಸೋರಿಕೆಗೆ ಹೋಗುತ್ತಿದೆ. ಇದನ್ನು ಹಣಕ್ಕೆ ಪರಿವರ್ತಿಸುವಾಗ ಹುಷಾರಾಗಿರಬೇಕು. 15 ಕಿಲೋವ್ಯಾಟಿನ ಯಂತ್ರದ ಕಾಲು ಭಾಗವೆಂದು 3.75 ಕಿಲೋವ್ಯಾಟ್ ಉಳಿತಾಯ ತೋರಿಸುವ ವರದಿಗಳನ್ನು ನೋಡಿದ್ದೇನೆ. ಅದು ಸರಿಯಲ್ಲ, ಏಕೆಂದರೆ ಅನ್‌ಲೋಡ್ ಆಗಿರುವಾಗಲೂ ಸ್ಕ್ರೂ ಕಂಪ್ರೆಸರ್ ಮೂರನೆಯ ಒಂದು ಭಾಗದಷ್ಟು ವಿದ್ಯುತ್ ಎಳೆಯುತ್ತಲೇ ಇರುತ್ತದೆ. ನಿಜವಾದ ಉಳಿತಾಯ ಎರಡೂವರೆ ಕಿಲೋವ್ಯಾಟ್, ತಿಂಗಳಿಗೆ 300 ಗಂಟೆ ನಡೆದರೆ 750 ಯೂನಿಟ್. ಸೋರಿಕೆ ಹುಡುಕಲು ಸಾಬೂನಿನ ನೀರು ಸಾಕು. ಜತೆಗೆ, ಯಂತ್ರಗಳಿಗೆ ಬೇಕಿರುವುದು 6 ಬಾರ್ ಆಗಿದ್ದು ಕಂಪ್ರೆಸರನ್ನು 7ಕ್ಕೆ ಇಟ್ಟಿದ್ದರೆ ಆ ಒಂದು ಬಾರ್ ಇಳಿಸಿದ್ದಕ್ಕೇ ಅದರ ವಿದ್ಯುತ್ತಿನಲ್ಲಿ ಶೇಕಡಾ 6ರಿಂದ 10ರಷ್ಟು ಉಳಿಯುತ್ತದೆ.

ಡ್ರೈಯರಿನ ಬ್ಲೋವರಿಗೆ ಡ್ಯಾಂಪರ್ (ಗಾಳಿ ತಡೆಯುವ ತಟ್ಟೆ) ಅರ್ಧ ಮುಚ್ಚಿಯೇ ಓಡಿಸುತ್ತಿದ್ದರೆ ಅದು ವೇಗ ನಿಯಂತ್ರಕ ಡ್ರೈವ್ ಅಳವಡಿಸಲು ತಕ್ಕ ಜಾಗ. ಫ್ಯಾನಿನ ವೇಗವನ್ನು ಶೇಕಡಾ 20 ತಗ್ಗಿಸಿದರೆ ವಿದ್ಯುತ್ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಆದರೆ ಯಾವಾಗಲೂ ಪೂರ್ಣ ಹೊರೆಯಲ್ಲಿ ಓಡುವ ಗ್ರೈಂಡರಿಗೆ ಇದೇ ಡ್ರೈವ್ ಹಾಕಿದರೆ ಉಳಿಯುವುದೇನೂ ಇಲ್ಲ, ಡ್ರೈವಿನ ನಷ್ಟವೇ ಸೇರಿಕೊಳ್ಳುತ್ತದೆ. ಎಲ್ಲ ಮೋಟಾರಿಗೂ ಡ್ರೈವ್ ಸೂಚಿಸುವ ವರದಿ ಬಂದರೆ ಅದರ ಹಿಂದೆ ಡ್ರೈವ್ ಮಾರುವವರು ಇದ್ದಾರೆಂದು ಅನುಮಾನಿಸುವುದು ತಪ್ಪಲ್ಲ. ಪ್ಲಗ್ಗಿಗೆ ಸಿಕ್ಕಿಸಿದರೆ ಬಿಲ್ಲು ಶೇಕಡಾ 30 ಇಳಿಯುತ್ತದೆ ಎಂದು ಮಾರುವ ‘ಪವರ್ ಸೇವರ್’ ಪೆಟ್ಟಿಗೆಗಳ ಬಗ್ಗೆ ಬರೆಯಲು ಇಲ್ಲಿ ಜಾಗ ವ್ಯರ್ಥಮಾಡುವುದಿಲ್ಲ.

ಆಡಿಟ್ ಯಾರಿಂದ ಮಾಡಿಸಬೇಕು? ಬಿಇಇ ನಡೆಸುವ ರಾಷ್ಟ್ರಮಟ್ಟದ ಪರೀಕ್ಷೆಯಲ್ಲಿ ಮೂರು ಪತ್ರಿಕೆಗಳಲ್ಲಿ ತೇರ್ಗಡೆಯಾದವರು ಪ್ರಮಾಣಿತ ಎನರ್ಜಿ ಮ್ಯಾನೇಜರ್, ನಾಲ್ಕನೆಯದನ್ನೂ ಪೂರೈಸಿದವರು ಪ್ರಮಾಣಿತ ಎನರ್ಜಿ ಆಡಿಟರ್. ಇವರಲ್ಲಿ ಅನುಭವ ಮತ್ತು ಸಂದರ್ಶನದ ಮೂಲಕ ಬಿಇಇ ಮಾನ್ಯತೆ ಕೊಟ್ಟವರು ‘ಅಕ್ರೆಡಿಟೆಡ್’ ಆಡಿಟರ್‌ಗಳು. ಅಧಿಸೂಚಿತ ಬಳಕೆದಾರರ ಕಡ್ಡಾಯ ಆಡಿಟ್ಟನ್ನು ಮಾಡಬಲ್ಲವರು ಈ ಕೊನೆಯ ವರ್ಗದವರು ಮಾತ್ರ. ನಿಮ್ಮದು ಸ್ವಯಂಪ್ರೇರಿತವಾದ್ದರಿಂದ ಅನುಭವಿ ಪ್ರಮಾಣಿತ ಆಡಿಟರ್ ಸಾಕು. ಹೆಸರು, ನೋಂದಣಿ ಸಂಖ್ಯೆಗಳನ್ನು ಬಿಇಇಯ ಪಟ್ಟಿಯಲ್ಲಿ ಹೋಲಿಸಿ ನೋಡಿ, ಮತ್ತು ಆ ಹೆಸರಿನ ವ್ಯಕ್ತಿ ನಿಮ್ಮ ಕಾರ್ಖಾನೆಗೆ ಸ್ವತಃ ಬರುತ್ತಾರೆಯೇ, ವರದಿಗೆ ಸಹಿ ಮಾತ್ರ ಹಾಕುತ್ತಾರೆಯೇ ಎಂದು ಮೊದಲೇ ಕೇಳಿ. ನನ್ನ ಮಟ್ಟಿಗೆ ಇದು ಪ್ರಮಾಣಪತ್ರಕ್ಕಿಂತ ದೊಡ್ಡ ಪ್ರಶ್ನೆ.

ಕರಾರಿನಲ್ಲಿ ಕೆಲವು ಮಾತುಗಳು ಸ್ಪಷ್ಟವಾಗಿರಲಿ. ಪವರ್ ಅನಲೈಜರ್, ಹೊಗೆಯ ಅನಿಲ ವಿಶ್ಲೇಷಕ, ಅಲ್ಟ್ರಾಸಾನಿಕ್ ಫ್ಲೋ ಮೀಟರ್ ಇವುಗಳನ್ನು ತಂದು ಉತ್ಪಾದನೆ ಪೂರ್ಣವಾಗಿ ನಡೆಯುತ್ತಿರುವ ದಿನ ಅಳೆಯಬೇಕು. ಅಳತೆಯ ಮೂಲ ಅಂಕಿಗಳನ್ನು ವರದಿಗೆ ಲಗತ್ತಿಸಬೇಕು. ಪ್ರತಿ ಸಲಹೆಗೂ ಖರ್ಚು, ಉಳಿತಾಯ ಮತ್ತು ಹೂಡಿದ ಹಣ ಮರಳುವ ಅವಧಿಯನ್ನು ನಿಮ್ಮ ಬಿಲ್ಲಿನ ದರದಲ್ಲಿಯೇ ಲೆಕ್ಕಹಾಕಬೇಕು. ಶುಲ್ಕ ಬೇಡ, ಉಳಿತಾಯದಲ್ಲಿ ಪಾಲು ಸಾಕು ಎನ್ನುವವರೊಂದಿಗೆ ವ್ಯವಹರಿಸುವುದಾದರೆ, ಉಳಿತಾಯವನ್ನು ಯಾವ ಮೂಲಮಟ್ಟದಿಂದ ಅಳೆಯುತ್ತಾರೆ ಎಂಬುದನ್ನು ಬರೆಸಿಕೊಳ್ಳದೆ ಸಹಿ ಹಾಕಬೇಡಿ. ತೆಂಗಿನಕಾಯಿಯ ರೇಟು ಏರಿ ನೀವು ಒಂದು ಪಾಳಿ ನಿಲ್ಲಿಸಿದ ತಿಂಗಳಲ್ಲಿ ಬಿಲ್ಲು ತಾನಾಗಿಯೇ ಇಳಿಯುತ್ತದೆ. ಅದರಲ್ಲಿ ಪಾಲು ಕೇಳುವಂತಾಗಬಾರದು. ಆದ್ದರಿಂದ ಮೂಲಮಟ್ಟವು ಒಟ್ಟು ಯೂನಿಟ್ ಆಗಿರದೆ, ಒಂದು ಟನ್ ಪುಡಿಗೆ ಎಷ್ಟು ಯೂನಿಟ್, ಎಷ್ಟು ಕಿಲೋ ಚಿಪ್ಪು ಎಂದಿರಬೇಕು. ಈ ಎರಡು ಅಂಕಿಗಳನ್ನು ಇಂದಿನಿಂದಲೇ ಪ್ರತಿ ತಿಂಗಳು ಬರೆದಿಡತೊಡಗಿದರೆ ಆಡಿಟರ್ ಬರುವ ಹೊತ್ತಿಗೆ ನಿಮ್ಮ ಬಳಿ ಒಂದು ವರ್ಷದ ಆಧಾರವಿರುತ್ತದೆ.

ಹಣದ ನೆರವಿನ ವಿಷಯವೂ ಇದೆ. ಸಣ್ಣ ಮತ್ತು ಮಧ್ಯಮ ಉದ್ಯಮಗಳಿಗಾಗಿ ಬಿಇಇ 2025ರ ಜುಲೈನಲ್ಲಿ ‘ಅದಿತಿ’ ಎಂದು ಕರೆಯಲಾಗುವ, 1,000 ಕೋಟಿ ರೂಪಾಯಿ ಮೊತ್ತದ ಯೋಜನೆಯನ್ನು ಆರಂಭಿಸಿದೆ. ಇಂಧನ ಉಳಿಸುವ ಯಂತ್ರಕ್ಕಾಗಿ ತೆಗೆದ ಸಾಲದ ಮೇಲೆ ಅತಿಸಣ್ಣ ಮತ್ತು ಸಣ್ಣ ಉದ್ಯಮಗಳಿಗೆ ಶೇಕಡಾ 5, ಮಧ್ಯಮ ಉದ್ಯಮಗಳಿಗೆ ಶೇಕಡಾ 3ರ ಬಡ್ಡಿ ಸಹಾಯ ಅದರಲ್ಲಿದೆ. ಆಡಿಟ್‌ಗೂ ಯೋಜನಾ ವರದಿಗೂ ನೆರವಿದೆ. ಆಹಾರ ಸಂಸ್ಕರಣೆ ಅದರ ಹದಿನಾಲ್ಕು ವಲಯಗಳಲ್ಲಿ ಒಂದು. ಯೋಜನೆಯನ್ನು ಆಯ್ದ ಕೈಗಾರಿಕಾ ಸಮೂಹಗಳಲ್ಲಿ ಹಂತಹಂತವಾಗಿ ವಿಸ್ತರಿಸುತ್ತಿರುವುದರಿಂದ, ಕ್ರೆಡಲ್‌ಗೆ ಬರೆಯುವ ಪತ್ರದಲ್ಲಿಯೇ ತುಮಕೂರು ಜಿಲ್ಲೆಯ ಆಹಾರ ಘಟಕಗಳು ಇದರ ವ್ಯಾಪ್ತಿಗೆ ಬರುತ್ತವೆಯೇ ಎಂದು ಕೇಳಿ. ಸಾಲ ಮಂಜೂರಾಗಿ ಯಂತ್ರ ಬಂದ ಮೇಲೆ ಅರ್ಜಿ ಹಾಕುವ ಬದಲು ಯಂತ್ರಕ್ಕೆ ಆರ್ಡರ್ ಕೊಡುವ ಮೊದಲೇ ವಿಚಾರಿಸುವುದು ಲೇಸು.

ಕೊನೆಯದಾಗಿ ಹೊಸ ಕಟ್ಟಡ. ಇಂಧನ ಸಂರಕ್ಷಣಾ ಕಟ್ಟಡ ಸಂಹಿತೆಯು 100 ಕಿಲೋವ್ಯಾಟ್ ಸಂಪರ್ಕಿತ ಲೋಡ್ ಅಥವಾ 120 ಕೆವಿಎ ಕಾಂಟ್ರಾಕ್ಟ್ ಡಿಮ್ಯಾಂಡ್ ಮುಟ್ಟುವ ವಾಣಿಜ್ಯ ಕಟ್ಟಡಗಳಿಗೆ ಅನ್ವಯಿಸುತ್ತದೆ. ಆದರೆ 2022ರ ತಿದ್ದುಪಡಿಯು ಈ ಮಿತಿಯನ್ನು ತಗ್ಗಿಸುವ ಅಧಿಕಾರವನ್ನು ರಾಜ್ಯಗಳಿಗೆ ಕೊಟ್ಟಿದೆ. ಬರೀ ಕಚೇರಿ ಮತ್ತು ಮಳಿಗೆಯಾದರೆ ನೀವು ಆ ಲೋಡ್ ಮುಟ್ಟುವುದು ಅನುಮಾನ. ಅದರಲ್ಲೇ ಒಂದು ಕೋಲ್ಡ್ ರೂಮ್ ಮಾಡುವ ಆಲೋಚನೆ ಬಂದರೆ ಲೆಕ್ಕ ಬದಲಾಗುತ್ತದೆ. ಕಾರ್ಖಾನೆಯ ಆರ್‌ಆರ್ ನಂಬರಿನಲ್ಲೇ ಹೊಸ ಕಟ್ಟಡಕ್ಕೂ ವಿದ್ಯುತ್ ಎಳೆಯುವ ಯೋಚನೆಯಿದ್ದರೆ, ಕೈಗಾರಿಕಾ ದರದ ವಿದ್ಯುತ್ತನ್ನು ಮಳಿಗೆಗೆ ಬಳಸಿದಂತಾಗಿ ಬೇರೆ ತೊಡಕು ಹುಟ್ಟುತ್ತದೆ, ಆದ್ದರಿಂದ ಬೆಸ್ಕಾಂ ಉಪವಿಭಾಗದಲ್ಲಿ ಮೊದಲೇ ಮಾತಾಡಿಕೊಳ್ಳಿ. ನಕ್ಷೆ ತಯಾರಿಸುವ ವಾಸ್ತುಶಿಲ್ಪಿಯಿಂದ ಒಟ್ಟು ಸಂಪರ್ಕಿತ ಲೋಡಿನ ಪಟ್ಟಿಯನ್ನು ಅನುಮೋದನೆಗೆ ಹಾಕುವ ಮುನ್ನವೇ ಬರೆಸಿಕೊಳ್ಳಿ. ಪಶ್ಚಿಮದ ಗೋಡೆಗೆ ಪೂರ್ತಿ ಗಾಜು ಹಾಕಿ, ಆಮೇಲೆ ಆ ಬಿಸಿಲನ್ನು ಹೊರದಬ್ಬಲು ಎಸಿ ಕೂರಿಸುವ ವಿನ್ಯಾಸವನ್ನು ಆತ ತಂದರೆ, ಸಂಹಿತೆ ಅನ್ವಯಿಸಲಿ ಬಿಡಲಿ, ಅದನ್ನು ಕಾಗದದ ಮೇಲೆಯೇ ತಿದ್ದಿಸಿ.